ಹೊಳೆ ದಾಟಿಸಿದ ಮರಿಗಳು

ತುಂಗಭದ್ರೆಯ ದಂಡೆಯ ಊರುಗಳಲ್ಲಿ ಬೆಕ್ಕಿನ ಮರಿ ಹೆಚ್ಚಾದರೆ ಹಿರಿಯರು ಕಂಡುಕೊಂಡ ಪರಿಹಾರ ಒಂದೇ: ಹೊಳೆ ದಾಟಿಸುವುದು. ಎಷ್ಟು ದೂರ ಬಿಟ್ಟು ಬಂದರೂ ಬೆಕ್ಕು ದಾರಿ ಹುಡುಕಿಕೊಂಡು ವಾಪಸ್ಸು ಬರುತ್ತದೆ, ನಡುವೆ ನೀರಿದ್ದರೆ ಮಾತ್ರ ಅದಕ್ಕೆ ವಾಸನೆ ತಪ್ಪುತ್ತದೆ ಎಂದು ನಂಬಿಕೆ. ಹಾಗಾಗಿ ಹರಿಹರ ತಾಲ್ಲೂಕಿನ ಮರಿಗಳು ಗೋಣಿಚೀಲದಲ್ಲಿ ಕೂತು ಹಾವೇರಿ ಜಿಲ್ಲೆಗೆ ಹೋಗುತ್ತವೆ. ಹಾವೇರಿ ಜಿಲ್ಲೆಯ ಮರಿಗಳು ಇನ್ನೊಂದು ಗೋಣಿಚೀಲದಲ್ಲಿ ಇತ್ತ ಬರುತ್ತವೆ. ಪೀಡೆ ಕಳೆಯಿತೆಂದು ಎರಡೂ ದಡದವರಿಗೆ ಸಮಾಧಾನ. ಬೆಕ್ಕಿನ ಸಂಖ್ಯೆ ಎರಡೂ ದಡದಲ್ಲಿ ಇದ್ದಷ್ಟೇ. ಎರಡು ಜಿಲ್ಲೆಗಳ ನಡುವೆ ಒಂದು ಅರ್ಜಿ, ಒಂದು ಸಹಿ, ಒಂದು ಮೊಹರೂ ಇಲ್ಲದೆ ಇಷ್ಟು ಸರಾಗವಾಗಿ ನಡೆಯುವ ವ್ಯವಹಾರ ಬೇರೊಂದನ್ನು ನಾನು ಕಂಡಿಲ್ಲ.

ಈ ವ್ಯವಹಾರಕ್ಕೆ ಉಕ್ಕಡಗಾತ್ರಿ ಹೇಳಿ ಮಾಡಿಸಿದ ಜಾಗ. ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆ ಇರುವ ಊರು. ಅಮಾವಾಸ್ಯೆ ಬಂತೆಂದರೆ ಸುತ್ತಲಿನ ಜಿಲ್ಲೆಗಳಿಂದ ಜನ ಬಸ್ಸು, ಟೆಂಪೋ, ಟ್ರ್ಯಾಕ್ಟರು ಏರಿ ಬಂದು ಇಳಿಯುತ್ತಾರೆ. ಮೈಮೇಲೆ ಗಾಳಿ ಬಂದವರು, ಮನೆಯಲ್ಲಿ ನೆಮ್ಮದಿ ಕಳಕೊಂಡವರು, ಏನೂ ಇಲ್ಲದೆ ಬರೀ ಕಾಯಿ ಒಡೆಸಲು ಬಂದವರು, ಎಲ್ಲರೂ ಹೊಳೆಯಲ್ಲಿ ಮುಳುಗುತ್ತಾರೆ. ಉಟ್ಟ ಬಟ್ಟೆಯನ್ನು ನೀರಿಗೇ ಬಿಟ್ಟು, ಬೇರೆಯದು ಉಟ್ಟುಕೊಂಡು ಗುಡಿಗೆ ಹೋಗುವವರೂ ಬಹಳ. ಅಂಟಿಕೊಂಡದ್ದನ್ನು ಇಲ್ಲಿ ಬಿಟ್ಟು ಹಗುರಾಗಿ ಊರಿಗೆ ಹೋಗಬೇಕು ಎಂಬ ಭಾವ ಈ ಊರಿನ ಗಾಳಿಯಲ್ಲೇ ಇದೆ. ಅಂಥ ಜನಜಾತ್ರೆಯಲ್ಲಿ ಒಬ್ಬಿಬ್ಬರು ಬಟ್ಟೆಯ ಜೊತೆ ಒಂದು ರಟ್ಟಿನ ಡಬ್ಬಿಯನ್ನೂ ಬಿಟ್ಟು ಹೋದರೆ ಯಾರು ಕೇಳುತ್ತಾರೆ? ಬಸ್ಸು ಹೊರಟ ಮೇಲೆ ಡಬ್ಬಿ ಮಿಯಾಂ ಅನ್ನುತ್ತದೆ.

ಹಾಗೆ ಬಿಟ್ಟುಹೋಗುವವರು ಕಟುಕರಲ್ಲ. ಕೇಳಿದರೆ ಅವರ ಸಮಜಾಯಿಷಿ ತಯಾರಿರುತ್ತದೆ: "ಅಜ್ಜಯ್ಯನ ಸನ್ನಿಧಾನ, ದಾಸೋಹ ಐತಿ, ಉಪವಾಸ ಸಾಯಂಗಿಲ್ಲ ಬಿಡ್ರಿ." ಈ ಮಾತಿನಲ್ಲಿ ಭಕ್ತಿ ಇದೆ, ಬೆಕ್ಕಿನ ಪರಿಚಯ ಇಲ್ಲ. ಅನ್ನ ಸಾರು ಹೊಟ್ಟೆ ತುಂಬಿಸುತ್ತದೆ, ನಿಜ. ಆದರೆ ಸಸ್ಯಾಹಾರದ ದೀಕ್ಷೆ ಬೆಕ್ಕಿನ ಮೈಗೆ ಒಗ್ಗುವುದಿಲ್ಲ. ಟೌರಿನ್ ಎಂಬ ಅಂಶ ಅದಕ್ಕೆ ಮಾಂಸ ಮೀನಿನಿಂದಲೇ ಸಿಗಬೇಕು; ಸಿಗದಿದ್ದರೆ ಕಣ್ಣು ಮಂಜಾಗುತ್ತದೆ, ಹೃದಯ ಸೋಲುತ್ತದೆ. ನಾವು ಪ್ರೀತಿಯಿಂದ ಎರೆಯುವ ಹಾಲು ಕೂಡ ದೊಡ್ಡ ಬೆಕ್ಕುಗಳಲ್ಲಿ ಎಷ್ಟಕ್ಕೋ ಅರಗುವುದಿಲ್ಲ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಗಾದೆ ಎಲ್ಲರಿಗೂ ಗೊತ್ತು, ಕುಡಿದ ಮೇಲೆ ಅದರ ಹೊಟ್ಟೆ ಏನಾಯಿತೆಂದು ಗಾದೆ ಹೇಳುವುದಿಲ್ಲ.

ನಮ್ಮ ಚಿಗವ್ವ ಉಕ್ಕಡಗಾತ್ರಿಯಲ್ಲಿ ಕಾಯಿ, ಕರ್ಪೂರ, ಮಂಡಕ್ಕಿ ಮಾರುತ್ತಾಳೆ. ಮಳೆಗಾಲದಲ್ಲಿ ಹೊಳೆ ಏರಿದರೆ ಸ್ನಾನಘಟ್ಟ ಮುಳುಗಿ ನೀರು ಅಂಗಡಿಗಳವರೆಗೂ ಬರುತ್ತದೆ. ಆಗ ಮಂಡಕ್ಕಿ ಚೀಲದ ಜೊತೆ ಬೆಕ್ಕುಗಳೂ ಅಟ್ಟ ಏರುತ್ತವೆ. ಬೆಕ್ಕಿಲ್ಲದೆ ಮಂಡಕ್ಕಿ ವ್ಯಾಪಾರ ಇಲ್ಲ ಎಂಬುದು ಅವಳ ಖಚಿತ ಮತ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ, ಅಕ್ಕಿ ಗಿರಣಿಗಳಲ್ಲಿ, ಭದ್ರಾ ನಾಲೆಯ ನೀರುಂಡ ಊರುಗಳ ಭತ್ತದ ಕಣಜದಲ್ಲಿ ಇದೇ ಮಾತನ್ನು ಯಾರು ಬೇಕಾದರೂ ಹೇಳುತ್ತಾರೆ. ಕಾಳಿರುವಲ್ಲಿ ಇಲಿ, ಇಲಿಯಿರುವಲ್ಲಿ ಬೆಕ್ಕು. ಮನುಷ್ಯ ಬೇಸಾಯಕ್ಕೆ ಕೈ ಹಾಕಿದ ಕಾಲದಿಂದ ಈ ಸರಪಳಿ ಹೀಗೇ ಇದೆ. ಸೈಪ್ರಸ್ ದ್ವೀಪದಲ್ಲಿ ಸುಮಾರು 9500 ವರ್ಷ ಹಿಂದಿನ ಗೋರಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕಿನ ಅಸ್ಥಿಯೂ ಸಿಕ್ಕಿದೆ.

ನಮ್ಮ ಅಜ್ಜಿಯರಿಗೆ ಬೆಕ್ಕಿನ ಬೆಲೆ ಗೊತ್ತಾದದ್ದು ಪ್ಲೇಗಿನ ಕಾಲದಲ್ಲಿ. 'ಇಲಿ ಬಿದ್ದವು' ಎಂದು ಯಾರಾದರೂ ಕೂಗಿದರೆ ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತಂತೆ. 1898ರಲ್ಲಿ ಪ್ಲೇಗು ಬೆಂಗಳೂರು ಸೇರಿದ್ದು ಹುಬ್ಬಳ್ಳಿ ಕಡೆಯಿಂದ, ರೈಲಿನಲ್ಲಿ. ಆ ರೈಲು ಬರಬೇಕಾದರೆ ಹರಿಹರದ ಹೊಳೆಯನ್ನು ದಾಟಲೇಬೇಕು. ನೀರು ದಾಟಿದರೆ ವಾಸನೆ ತಪ್ಪುತ್ತದೆ ಎಂಬ ನಿಯಮ ಇಲಿಗೂ ಅದರ ಮೈಮೇಲಿನ ಚಿಗಟಕ್ಕೂ ಅನ್ವಯಿಸಲಿಲ್ಲ ಅಂದಂತಾಯಿತು. ಹತ್ತು ವರ್ಷದ ಮೇಲೆ, 1908ರಲ್ಲಿ, ಮಧ್ಯಪ್ರಾಂತದಲ್ಲಿದ್ದ ಆಂಡ್ರ್ಯೂ ಬ್ಯೂಕನನ್ ಎಂಬ ಸೇನಾ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬೆಕ್ಕುಗಳು ಪ್ಲೇಗು ತಡೆಯುತ್ತವೆ ಎಂದು ಲೇಖನವನ್ನೇ ಬರೆದರು. ಬೆಕ್ಕು ಸಾಕಿದ ಊರುಗಳಲ್ಲಿ ಸಾವು ಕಡಿಮೆ ಎಂಬುದು ಅವರು ಕಂಡದ್ದು. ಬೆಕ್ಕಿಗೆ ದೇವರ ಗೌರವ ಕೊಡುವ ಊರೂ ಇದೆ: ಮಂಡ್ಯ ಜಿಲ್ಲೆಯ ಬೆಕ್ಕಳಲೆಯಲ್ಲಿ ಬೆಕ್ಕನ್ನು ಮಂಗಮ್ಮ ದೇವಿಯ ರೂಪವೆಂದು ಪೂಜಿಸುತ್ತಾರೆ. ಎದುರಿಗೆ ಬೆಕ್ಕು ಅಡ್ಡ ಬಂದರೆ ಎರಡು ನಿಮಿಷ ನಿಂತು ಹೋಗುವ ನಾವು ಅದನ್ನು ಅಪಶಕುನ ಅನ್ನುತ್ತೇವೆ, ಅದೇ ಬೆಕ್ಕು ಅಡುಗೆಮನೆಯಲ್ಲಿ ಇಲಿ ಹಿಡಿದರೆ ಮಗಳೇ ಅನ್ನುತ್ತೇವೆ.

ಬೇಕು ಅನ್ನುವುದು ಒಂದು ಬೆಕ್ಕು. ಕಷ್ಟವೆಂದರೆ ಬೆಕ್ಕು ಒಂದಾಗಿ ಉಳಿಯುವುದಿಲ್ಲ. ಹೆಣ್ಣು ಮರಿ ಐದಾರು ತಿಂಗಳಿಗೆ ಬೆದೆಗೆ ಬರುತ್ತದೆ. ಗರ್ಭದ ಕಾಲ ಒಂಬತ್ತು ವಾರ ಮಾತ್ರ. ಒಂದು ಸೂಲಿನ ಮರಿಗಳಿಗೆ ಹಾಲೂಡಿಸುತ್ತಿರುವಾಗಲೇ ಇನ್ನೊಂದಕ್ಕೆ ಬಸಿರಾಗಬಲ್ಲದು. ಚಳಿ ದೇಶದಲ್ಲಿ ಬೆಳಕು ಕಡಿಮೆಯಾದಾಗ ಬೆದೆ ನಿಲ್ಲುತ್ತದೆ. ನಮ್ಮ ಬಿಸಿಲು ನಾಡಿನಲ್ಲಿ ಆ ರಜೆಯೂ ಸರಿಯಾಗಿ ಸಿಗುವುದಿಲ್ಲ. ಒಂದು ಜೋಡಿಯಿಂದ ಏಳು ವರ್ಷದಲ್ಲಿ 4 ಲಕ್ಷ 20 ಸಾವಿರ ಬೆಕ್ಕು ಎಂದು ಹೆದರಿಸುವ ಲೆಕ್ಕವೊಂದು ಊರೂರು ಸುತ್ತುತ್ತಿದೆ. ಅದು ಕಾಗದದ ಲೆಕ್ಕ, ಹುಟ್ಟಿದ್ದೆಲ್ಲ ಬದುಕುತ್ತದೆ ಎಂದುಕೊಂಡು ಗುಣಿಸಿದ್ದು. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಬೀಡಾಡಿ ಬೆಕ್ಕುಗಳ ಹಿಂದೆ ಬಿದ್ದು ನಿಜವಾಗಿ ಎಣಿಸಿದವರು 2004ರಲ್ಲಿ ಬೇರೆ ಲೆಕ್ಕ ಕೊಟ್ಟರು: 169 ಮರಿಗಳಲ್ಲಿ 127 ಆರು ತಿಂಗಳಾಗುವ ಮೊದಲೇ ಸತ್ತಿದ್ದವು ಇಲ್ಲವೇ ಕಾಣೆಯಾಗಿದ್ದವು. ನೂರಕ್ಕೆ ಎಪ್ಪತ್ತೈದು. ನಾಯಿ, ವಾಹನ, ಜ್ವರ, ಭೇದಿ, ಹಸಿವು ಸೇರಿ ಸಂತಾನ ನಿಯಂತ್ರಣವನ್ನು ತಮ್ಮದೇ ರೀತಿಯಲ್ಲಿ ಮಾಡುತ್ತಿವೆ. 'ಬಿಡ್ರಿ, ಪ್ರಕೃತಿ ನೋಡಿಕೊಳ್ತದೆ' ಅನ್ನುವವರು ಆ ನೋಡಿಕೊಳ್ಳುವಿಕೆಯನ್ನು ಎಂದೂ ಹತ್ತಿರದಿಂದ ನೋಡಿದವರಲ್ಲ.

ಮರಿ ಬಿಟ್ಟು ಬರುವುದಕ್ಕೆ ಕಾನೂನಿನ ತಡೆಯೂ ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವಂಥ ಜಾಗದಲ್ಲಿ ಪ್ರಾಣಿಯನ್ನು ತೊರೆದು ಹೋಗುವುದು ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ದಂಡ 10ರಿಂದ 50 ರೂಪಾಯಿ. 1960ರಲ್ಲಿ ಅದು ದೊಡ್ಡ ಮೊತ್ತವೇ ಇದ್ದೀತು. ಈಗ ಆ ದುಡ್ಡಿಗೆ ದಾವಣಗೆರೆಯಲ್ಲಿ ಒಂದು ಪ್ಲೇಟು ಬೆಣ್ಣೆದೋಸೆ ಬರುವುದೂ ಅನುಮಾನ.

ಇಂಥ ಲೋಕಕ್ಕೆ ನಮ್ಮ ಅಕ್ಕನ ಮಗಳು ಬೆಂಗಳೂರಿನಿಂದ ಒಂದು ಬೋನು ಹಿಡಿದುಕೊಂಡು ಬಂದಳು. ಬೆಂಗಳೂರಿನಲ್ಲಿ ಬೀದಿ ಪ್ರಾಣಿಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ವಯಸ್ಸಾಗಿದೆ. ಕ್ರಿಸ್ಟಲ್ ರಾಜರ್ಸ್ ಎಂಬ ಇಂಗ್ಲಿಷ್ ಮಹಿಳೆ ಇಳಿವಯಸ್ಸಿನಲ್ಲಿ ಬೆಂಗಳೂರಿಗೆ ಬಂದು 1991ರಲ್ಲಿ 'ಕ್ಯೂಪಾ' ಎಂಬ ಪ್ರಾಣಿದಯಾ ಸಂಸ್ಥೆ ಕಟ್ಟಿದರು. ಅಂಥ ಸಂಸ್ಥೆಗಳ ಸುತ್ತ, ಅವುಗಳ ಹಂಗಿಲ್ಲದೆ ತಮ್ಮ ತಮ್ಮ ಬೀದಿಗಳಲ್ಲಿ, ಕೆಲಸ ಮಾಡುವ ಹುಡುಗ ಹುಡುಗಿಯರು ಈಗ ಬೇಕಾದಷ್ಟು. ಅವಳೂ ಅವರಲ್ಲೊಬ್ಬಳು. ಬೆಕ್ಕು ಹಿಡಿಯುವುದು, ಆಪರೇಷನ್ ಮಾಡಿಸುವುದು, ಹಿಡಿದಲ್ಲೇ ತಂದು ಬಿಡುವುದು, ಪಳಗುವ ಮರಿಗೆ ಮನೆ ಹುಡುಕುವುದು, ಇಷ್ಟೇ ಕಾರ್ಯಕ್ರಮ. ಇಂಗ್ಲೆಂಡಿನಲ್ಲಿ 1950ರ ದಶಕದಲ್ಲಿ ಕೆಲವರು ಶುರುಮಾಡಿದ್ದು ಈಗ ಲೋಕದ ತುಂಬ ಹರಡಿದೆ.

ಹೇಳಿದಷ್ಟು ಸಲೀಸಲ್ಲ ಹಿಡಿಯುವ ಕೆಲಸ. ಬೋನಿನ ಕೊನೆಯಲ್ಲಿ ಒಣಮೀನು ಇಟ್ಟು, ಮೇಲೆ ಹಳೇ ಸೀರೆ ಹೊದಿಸಿ, ದೂರ ಕೂರಬೇಕು. ಬೆಕ್ಕು ಬಂದು ಬೋನನ್ನು ಪ್ರದಕ್ಷಿಣೆ ಹಾಕುತ್ತದೆ, ಮೂಸುತ್ತದೆ, ನಮ್ಮ ಕಡೆ ಒಮ್ಮೆ ನೋಡಿ ಅದರ ಪಕ್ಕದಲ್ಲೇ ಮಲಗುತ್ತದೆ. ಅದು ಒಳಗೆ ಹೋಗುವುದು ನಾವು ಆಸೆ ಬಿಟ್ಟು ಚಹಾಕ್ಕೆ ಎದ್ದಾಗ. ಸಿಕ್ಕ ಮೇಲೆ ಶಸ್ತ್ರಚಿಕಿತ್ಸೆಗೆ ಮುಂಚೆ ಕೆಲವು ತಾಸು ಹೊಟ್ಟೆ ಖಾಲಿ ಇಡಬೇಕು, ಅರಿವಳಿಕೆ ಕೊಟ್ಟಾಗ ವಾಂತಿ ಮಾಡಬಾರದೆಂದು. ಗಂಡಿಗೆ ಆಪರೇಷನ್ ಹತ್ತು ಹದಿನೈದು ನಿಮಿಷದ ಮಾತು. ಹೆಣ್ಣಿಗೆ ಹೊಟ್ಟೆ ಕೊಯ್ದು ಅಂಡಾಶಯ, ಗರ್ಭಕೋಶ ತೆಗೆಯಬೇಕು, ಆಮೇಲೆ ಒಂದೆರಡು ದಿನ ಕಣ್ಣಳತೆಯಲ್ಲಿ ಇಟ್ಟುಕೊಳ್ಳಬೇಕು. ಹುಚ್ಚು ರೋಗದ ಲಸಿಕೆಯೂ ಆಗಲೇ. ಮತ್ತೆ ಅದೇ ಬೆಕ್ಕನ್ನು ಹಿಡಿಯಬಾರದಲ್ಲ, ಅದಕ್ಕೆ ಅರಿವಳಿಕೆಯಲ್ಲಿರುವಾಗಲೇ ಎಡಗಿವಿಯ ತುದಿಯನ್ನು ಚೂರು ಕತ್ತರಿಸುತ್ತಾರೆ. ಜಪಾನಿನಲ್ಲಿ ಇಂಗ್ಲಿಷಿನ 'ವಿ' ಆಕಾರದಲ್ಲಿ ಕತ್ತರಿಸುವುದರಿಂದ ಕಿವಿ ಚೆರ್ರಿ ಹೂವಿನ ಎಸಳಿನ ಹಾಗೆ ಕಾಣುತ್ತದೆ, ಅಂಥ ಬೆಕ್ಕಿಗೆ ಅವರು ಸಕುರಾ ಬೆಕ್ಕು ಅನ್ನುತ್ತಾರಂತೆ. ನಮ್ಮ ಚಿಗವ್ವ ಇದನ್ನು ಕೇಳಿ, "ನಮ್ಮಲ್ಲೂ ಕೂಸು ಉಳೀಲಿ ಅಂತ ಕಿವಿ ಚುಚ್ಚಿ ಗುಂಡ ಅಂತ ಹೆಸರಿಡ್ತಿದ್ದರು, ಹಂಗs ಇದು" ಎಂದು ಒಂದೇ ಮಾತಿನಲ್ಲಿ ಜಪಾನನ್ನು ಉಕ್ಕಡಗಾತ್ರಿಗೆ ಸೇರಿಸಿಬಿಟ್ಟಳು.

ವಿರೋಧ ಬಂದದ್ದು ಗಂಡಸರಿಂದ. ಚಹಾದಂಗಡಿಯ ಕಟ್ಟೆಯಲ್ಲಿ ಕೂತಿದ್ದವರು, "ಮೂಕಪ್ರಾಣಿ ವಂಶ ಕಡೀತೀಯೇನವ್ವ? ಪಾಪ ಬರ್ತತಿ" ಅಂದರು. ಅವರೆಲ್ಲ ರೈತರು. ಅವರ ಕೊಟ್ಟಿಗೆಯಲ್ಲಿ ಹೋರಿಯಾಗಿ ಹುಟ್ಟಿ ಎತ್ತಾಗಿ ದುಡಿದ ಜೀವಗಳಿಗೆ ಲೆಕ್ಕವಿಲ್ಲ. ಬೀಜ ಒಡೆಸದೆ ನೊಗಕ್ಕೆ ಹೂಡಿದವರು ಈ ಸೀಮೆಯಲ್ಲಿ ಯಾರಿದ್ದಾರೆ? ಹಿಂದೆ ಕಲ್ಲು ಕೋಲು, ಆಮೇಲೆ ಪಶು ಆಸ್ಪತ್ರೆಗೆ ಬಂದ ಇಟಲಿಯ ಬರ್ಡಿಜೊ ಇಕ್ಕಳ. ಎತ್ತಿಗೆ ಅರಿವಳಿಕೆ ಕೊಟ್ಟು ಮಾಡಿಸಿದವರು ಎಷ್ಟು ಜನ ಎಂದು ಕೇಳಬಾರದು. ಹೊಲ ಉಳಬೇಕಾದಾಗ ಯಾರಿಗೂ ಪಾಪದ ನೆನಪಾಗಲಿಲ್ಲ. ಬೆಕ್ಕಿನಿಂದ ನೇಗಿಲು ಎಳೆಸುವ ಹಾಗಿಲ್ಲ, ಹಾಗಾಗಿ ಅದರ ವಂಶದ ಬಗ್ಗೆ ಧರ್ಮಚಿಂತೆ ಮಾಡಲು ಪುರಸೊತ್ತು ಸಿಕ್ಕಿತು.

ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. 'ಆಪರೇಷನ್' ಎಂದರೆ ನಮ್ಮ ಹಳ್ಳಿಗಳ ಹೆಂಗಸರಿಗೆ ಒಂದೇ ಅರ್ಥ. ಸರ್ಕಾರಿ ಆಸ್ಪತ್ರೆಯ ಕ್ಯಾಂಪಿಗೆ ಜೀಪಿನಲ್ಲಿ ಹೋಗಿ, ಚಾಪೆಯ ಮೇಲೆ ಸಾಲಾಗಿ ಮಲಗಿ, ಮೂರನೆಯ ದಿನ ಹೊಟ್ಟೆ ಹಿಡಿದುಕೊಂಡು ಮನೆ ಕೆಲಸಕ್ಕೆ ನಿಂತವರು ಅವರು. ಗಂಡಸರ ಆಪರೇಷನ್ ಅದಕ್ಕಿಂತ ಸುಲಭವೆಂದು ಡಾಕ್ಟರು ಎಷ್ಟು ಹೇಳಿದರೂ ಮನೆಯಲ್ಲಿ ಸರದಿ ಹೆಂಗಸರದೇ. ಹಳೇ ಮೈಸೂರು ಸಂಸ್ಥಾನ 1930ರಲ್ಲೇ ಸಂತಾನ ನಿಯಂತ್ರಣದ ಸರ್ಕಾರಿ ಕ್ಲಿನಿಕ್ ತೆರೆದಿತ್ತು, ಇಡೀ ಜಗತ್ತಿನಲ್ಲಿ ಸರ್ಕಾರವೊಂದು ಇಂಥ ಕೆಲಸಕ್ಕೆ ಇಳಿದದ್ದರಲ್ಲಿ ಅದು ಮೊದಮೊದಲನೆಯದು. ಆ ಸಂಸ್ಥಾನದ ಗಡಿ ಇದ್ದದ್ದು ಹರಿಹರದ ಈ ಹೊಳೆಯಲ್ಲೇ. ಆಚೆ ದಡದ್ದು ಮುಂಬಯಿ ಪ್ರಾಂತ. ಅಷ್ಟು ಹಳೆಯ ಪಾಠ ಕಲಿತ ಸೀಮೆಯ ಹೆಂಗಸರು ಬೋನಿನಲ್ಲಿದ್ದ ಬಸುರಿ ಬೆಕ್ಕನ್ನು ನೋಡಿದ ನೋಟದಲ್ಲಿ ದಯೆಗಿಂತ ಹೆಚ್ಚಾಗಿ ಪರಿಚಯ ಇತ್ತು. "ಎಷ್ಟನೇದೋ ಏನೋ, ಮೈಯಾಗ ಎಲುಬಷ್ಟs ಅದಾವ" ಅಂದಳು ಒಬ್ಬಳು. ಇನ್ನೊಬ್ಬಳು ಕೇಳಿದಳು: "ಗಂಡು ಬೆಕ್ಕಿಗೂ ಮಾಡ್ತೀರೇನವ್ವ?" ಮಾಡ್ತೀವಿ ಅಂದಾಗ ಅಲ್ಲಿದ್ದವರೆಲ್ಲ ಎಷ್ಟೋ ಹೊತ್ತು ನಕ್ಕರು. ಕಟ್ಟೆಯ ಮೇಲಿನ ಗಂಡಸರಿಗೆ ಆ ನಗು ಅಷ್ಟು ಹಿಡಿಸಲಿಲ್ಲ. ಪಾಪದ ಪ್ರಶ್ನೆಯನ್ನು ಚಿಗವ್ವ ತೀರ್ಮಾನಿಸಿದಳು: "ಹಡೆದದ್ದನ್ನ ಚೀಲದಾಗ ಕಟ್ಟಿ ಹೊಳಿ ದಾಟಿಸೋದು ಪಾಪ ಅಲ್ಲಂತ, ಹಡೀದಂಗ ನೋಡ್ಕಂಡರೆ ಪಾಪ ಅಂತ. ಯಾವ ಪುರಾಣದಾಗ ಐತಿ, ತೋರಸ್ರಿ."

ಆಪರೇಷನ್ ಮಾಡಿಸಿ ಮತ್ತೆ ಅಲ್ಲೇ ಯಾಕೆ ಬಿಡಬೇಕು, ದೂರ ಒಯ್ದರಾಗದೆ ಎಂದು ಕೇಳುವವರು ಬಹಳ. ಒಯ್ದರೆ ಆ ಜಾಗ ಖಾಲಿ ಉಳಿಯುವುದಿಲ್ಲ. ಎಂಜಲು, ಇಲಿ, ಅಟ್ಟ ಮೂರೂ ಅಲ್ಲೇ ಇರುತ್ತವಲ್ಲ, ಪಕ್ಕದ ಓಣಿಯ ಹೊಸ ಬೆಕ್ಕು ಬಂದು ಸಂಸಾರ ಹೂಡುತ್ತದೆ. ಆಪರೇಷನ್ ಆದ ಬೆಕ್ಕು ತನ್ನ ಜಾಗ ಕಾಯುತ್ತದೆ, ಹೊಸದಕ್ಕೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ ಎಂದು ಈ ಕೆಲಸ ಮಾಡುವವರು ಹೇಳುತ್ತಾರೆ. ರಾತ್ರಿಯ ಕೂಗಾಟ, ಗಂಡು ಬೆಕ್ಕು ಮೂಲೆಮೂಲೆಗೆ ಉಚ್ಚೆ ಚಿಮುಕಿಸುವ ನಾತ ಇಳಿಯುತ್ತವೆ. ಆದರೆ ಹತ್ತರಲ್ಲಿ ಒಂದೆರಡಕ್ಕೆ ಮಾಡಿಸಿ ಫೋಟೋ ತೆಗೆಸಿಕೊಂಡರೆ ಏನೂ ಆಗುವುದಿಲ್ಲ. ನೂರಕ್ಕೆ ಎಪ್ಪತ್ತು ಎಂಬತ್ತಕ್ಕೆ ಮಾಡಿಸಿ, ಹೊಸದಾಗಿ ಡಬ್ಬಿ ಬರದಂತೆ ನೋಡಿಕೊಂಡರೆ ಮಾತ್ರ ಸಂಖ್ಯೆ ಇಳಿಯುತ್ತದೆ. ಉಕ್ಕಡಗಾತ್ರಿಯಂಥ ಊರಿನಲ್ಲಿ ಕಷ್ಟ ಇರುವುದು ಈ ಎರಡನೆಯ ಮಾತಿನಲ್ಲೇ. ಅಲ್ಲಿನ ಬೆಕ್ಕುಗಳನ್ನೆಲ್ಲ ಹಿಡಿದರೂ ಮುಂದಿನ ಅಮಾವಾಸ್ಯೆಯ ಬಸ್ಸನ್ನು ಹಿಡಿಯುವವರು ಯಾರು? ಬೋನು ಇಡಬೇಕಾದದ್ದು ಬಸ್ಸು ಹೊರಡುವ ಊರುಗಳಲ್ಲಿ.

ಮನೆ ಹುಡುಕುವ ಕೆಲಸವಂತೂ ಕನ್ಯಾದಾನದ ಹಾಗೆ. ಬೀದಿ ಮರಿ ಪಳಗುವುದಕ್ಕೂ ಮುಹೂರ್ತವಿದೆ: ಹುಟ್ಟಿದ ಎರಡನೆಯ ವಾರದಿಂದ ಏಳೆಂಟನೆಯ ವಾರದೊಳಗೆ ಮನುಷ್ಯರ ಕೈ ಸೋಕಿರಬೇಕು. ಅದು ದಾಟಿದರೆ ಮರಿ ಪರಚುತ್ತದೆ, ಅಟ್ಟ ಏರುತ್ತದೆ, ಹಿಡಿದ ಕೈಗೆ ಇಂಜೆಕ್ಷನ್ ಬೇಕಾಗುತ್ತದೆ. ಮುಹೂರ್ತದೊಳಗೆ ಸಿಕ್ಕಿದರೂ ಬೀಗರ ಮೊದಲ ಪ್ರಶ್ನೆ ಒಂದೇ: ಗಂಡೋ, ಹೆಣ್ಣೋ? ಗಂಡಾದರೆ ಕೊಡಿ, ಹೆಣ್ಣು ಬೇಡ. ಎರಡನೆಯ ಪ್ರಶ್ನೆ ಬಣ್ಣದ್ದು. ಕಪ್ಪು ಬೇಡ, ಅಪಶಕುನ. ಮೂರು ಬಣ್ಣದ ಚುಕ್ಕೆಯ ಮರಿ ಎಲ್ಲರ ಕಣ್ಣಿಗೂ ಚೆಂದ. ಆದರೆ ಕಪ್ಪು ಮತ್ತು ಕೇಸರಿ ಬಣ್ಣದ ಗುಣ ಎಕ್ಸ್ ವರ್ಣತಂತುವಿನ ಮೇಲಿರುವುದರಿಂದ ಎರಡೂ ಬಣ್ಣ ಒಟ್ಟಿಗೆ ಬರಬೇಕಾದರೆ ಸಾಮಾನ್ಯವಾಗಿ ಎರಡು ಎಕ್ಸ್ ಬೇಕು. ಅಂದರೆ ಮೂರು ಬಣ್ಣದ ಬೆಕ್ಕು ಹೆಚ್ಚೂಕಡಿಮೆ ಯಾವಾಗಲೂ ಹೆಣ್ಣೇ. ಚೆಂದ ಬೇಕು, ಹೆಣ್ಣು ಬೇಡ ಅನ್ನುವ ಬೀಗರಿಗೆ ಪ್ರಕೃತಿ ಕೊಟ್ಟ ಉತ್ತರ ಇದು. ಕೊನೆಗೆ ನಮ್ಮ ಹುಡುಗಿ ಹೆಣ್ಣು ಮರಿಗಳಿಗೆ, ದೊಡ್ಡದಾದ ಮೇಲೆ ಆಪರೇಷನ್ ಖರ್ಚು ನಮ್ಮದೇ ಎಂದು ಮಾತು ಕೊಟ್ಟು ಮನೆ ಹುಡುಕಿದಳು. ಬೆಕ್ಕಿಗೂ ವರದಕ್ಷಿಣೆ ಕೊಡುವ ಕಾಲ ಬಂತಲ್ಲ ಎಂದು ಅವಳ ಅಮ್ಮ ನಿಟ್ಟುಸಿರು ಬಿಟ್ಟಳು.

ನಾಯಿಗಾದರೆ ಸಂತಾನ ನಿಯಂತ್ರಣಕ್ಕೆ ನಿಯಮವಿದೆ, 2001ರಲ್ಲಿ ಬಂದು 2023ರಲ್ಲಿ ಹೊಸದಾಯಿತು. 2025ರಲ್ಲಿ ಬೀದಿನಾಯಿಗಳ ಸಲುವಾಗಿ ಸುಪ್ರೀಂ ಕೋರ್ಟಿನಲ್ಲೇ ವಾದ ನಡೆದು ದೇಶವೆಲ್ಲ ಎರಡು ಪಕ್ಷವಾಯಿತು. ಬೆಕ್ಕಿಗೆ ಆ ಪ್ರತಿಷ್ಠೆ ಇಲ್ಲ. ಅದು ಅಟ್ಟಿಸಿಕೊಂಡು ಬಂದು ಕಚ್ಚುವುದಿಲ್ಲ, ಆದ್ದರಿಂದ ಅದರ ಕಡತವೂ ತೆರೆಯುವುದಿಲ್ಲ. ಅದು ಅಳಿಲು, ಗುಬ್ಬಿ, ಮೈನಾಗಳನ್ನು ಹಿಡಿಯುವುದು ಆ ಜೀವಗಳಿಗೆ ಮಾತ್ರ ಗೊತ್ತು. ನಮ್ಮ ಕಡೆಯ ಪಶುವೈದ್ಯರ ದಿನವೆಲ್ಲ ಹಸು, ಎಮ್ಮೆ, ಕುರಿಗಳಲ್ಲೇ ಮುಗಿಯುತ್ತದೆ, ಅದು ಸಹಜವೂ ಹೌದು. ಖಾಸಗಿಯಾಗಿ ಒಂದು ಹೆಣ್ಣು ಬೆಕ್ಕಿಗೆ ಮಾಡಿಸಲು ಕೆಲವು ಸಾವಿರ ರೂಪಾಯಿ ಬೇಕು. ಕಣ್ಣಿನ ಶಿಬಿರ, ಸಾಮೂಹಿಕ ವಿವಾಹ, ರಕ್ತದಾನಗಳನ್ನು ಜಾತ್ರೆಯ ಜೊತೆಗೇ ನಡೆಸಿ ಗೊತ್ತಿರುವ ಸೀಮೆಗೆ ವರ್ಷಕ್ಕೆರಡು ಸಲ ಬೆಕ್ಕಿನ ಶಿಬಿರ ನಡೆಸುವುದು ಭಾರವಲ್ಲ. ಬೇಕಾದದ್ದು ಒಬ್ಬ ನುರಿತ ಡಾಕ್ಟರು, ನಾಲ್ಕು ಬೋನು, ಹತ್ತು ಜನ ಹುಡುಗರು, ಸ್ವಲ್ಪ ದುಡ್ಡು.

ಆ ದುಡ್ಡಿಗೆಂದು ನಾವು ದಾವಣಗೆರೆಯ ಅಕ್ಕಿ ವ್ಯಾಪಾರಿಯೊಬ್ಬರ ಬಳಿ ಹೋದೆವು. ಒಳ್ಳೆಯ ಮನುಷ್ಯ, ಅವರ ಗೋದಾಮಿನಲ್ಲೇ ಬೆಕ್ಕಿನ ದೊಡ್ಡ ಸಂಸಾರವಿದೆ. ಪೂರ್ತಿ ಕೇಳಿ, ಎರಡು ಮಾತಾಡದೆ ದುಡ್ಡು ಎಣಿಸಿ ಕೊಟ್ಟರು. ದಾಸೋಹಕ್ಕೆ ಅಕ್ಕಿ ಕೊಟ್ಟವರ, ಗುಡಿಗೆ ಫ್ಯಾನು ಕೊಟ್ಟವರ ಹೆಸರು ಫ್ಯಾನಿನ ರೆಕ್ಕೆಯ ಮೇಲೂ ಇರುವ ಕಾಲ ಇದು. ನಾನು ಸೌಜನ್ಯಕ್ಕೆ, ಶಿಬಿರದ ಬ್ಯಾನರಿನಲ್ಲಿ ತಮ್ಮ ಹೆಸರು, ಫೋಟೋ ಹಾಕಿಸುತ್ತೇವೆ ಅಂದೆ. ಅವರು ಕುರ್ಚಿಯಿಂದ ಅರ್ಧ ಎದ್ದರು.

"ಬ್ಯಾಡ್ರಿ ಮಾರಾಯ್ರೆ, ಕೈ ಮುಗೀತೀನಿ. ಬೆಕ್ಕಿನ ಬೀಜ ತೆಗೆಸಿದ ಸಾವುಕಾರ ಅಂತ ಹೆಸರು ಬಿತ್ತಂದ್ರೆ ನನ್ನ ಮೊಮ್ಮಗನ ಲಗ್ನಪತ್ರಿಕೆವರೆಗೂ ಅಳಿಸಂಗಿಲ್ಲ. ಇನ್ನೂ ಬೇಕಂದ್ರೆ ಇನ್ನೂ ಕೊಡ್ತೀನಿ, ಹೆಸರು ಮಾತ್ರ ಎಲ್ಲೂ ಹಾಕಬ್ಯಾಡ್ರಿ."

ಹೆಸರು ಹಾಕಿಸದಿರಲು ಜಾಸ್ತಿ ದುಡ್ಡು ಕೊಡುವ ದಾನಿಗಳು ಸಿಗುವ ಸೇವೆ ನಮ್ಮ ನಾಡಿನಲ್ಲಿ ಇದೊಂದೇ ಇರಬೇಕು. ಅವರ ಸಂಕೋಚದ ಬಲದಿಂದ ಶಿಬಿರದ ಖರ್ಚು ಕಳೆದು ನಾಲ್ಕು ಕಾಸು ಉಳಿದೇ ಉಳಿಯಿತು. ಅದರಲ್ಲಿ ಇನ್ನೊಂದು ಬೋನು ಕೊಂಡು ಆಚೆ ದಡದ ಒಬ್ಬ ಮೇಷ್ಟರಿಗೆ ಕೊಟ್ಟಿದ್ದೇವೆ. ಎರಡು ಜಿಲ್ಲೆಗಳ ನಡುವೆ ಈಗ ಈ ವ್ಯವಹಾರವೂ ಶುರುವಾಗಿದೆ.